ಡರ್ಹಮ್ ಪ್ರಯರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ ವಿಯರ್ ಅನ್ನೋ ನದಿ ಒಂದು ಕಡಿದಾದ ಗುಡ್ಡವನ್ನು ಮೂರು ಕಡೆಯಿಂದ ಬಳಸಿಕೊಂಡು ಹರಿಯುತ್ತದೆ. ಗುಡ್ಡದ ತುದಿಯಲ್ಲಿ ಡರ್ಹಮ್ ಕ್ಯಾಥೆಡ್ರಲ್ ನಿಂತಿದೆ. ಆ ದೊಡ್ಡ ಚರ್ಚನ್ನು ಫೋಟೋದಲ್ಲಾದರೂ ನೋಡಿದವರು ಬಹಳ ಜನ. ಆದರೆ 1083ರಿಂದ 1539ರವರೆಗೆ, ಅಂದರೆ 456 ವರ್ಷ, ಅಲ್ಲಿ ಡರ್ಹಮ್ ಪ್ರಯರಿ ಅನ್ನೋ ಒಂದು ಮಠ ನಡೆಯುತ್ತಿತ್ತು. ಚರ್ಚು ಆ ಮಠದ್ದೇ ಒಂದು ಭಾಗ. ಈ ವಿಷಯ ಅಷ್ಟಾಗಿ ಯಾರಿಗೂ ಗೊತ್ತಿರುವುದಿಲ್ಲ.

ನನಗೆ ಈ ಮಠದ ಮೇಲೆ ಪ್ರೀತಿ ಹುಟ್ಟಿಸಿದ್ದು ಅದರ ಲೆಕ್ಕದ ಸುರುಳಿಗಳು. ಮೀನಿಗೆ ಎಷ್ಟು ಕೊಟ್ಟರು, ಬಟ್ಟೆಗೆ ಎಷ್ಟಾಯಿತು ಅಂತ ಬರೆದಿಟ್ಟವರ ಮನೆಯೊಳಗೆ ಹೋಗಿ ಬಂದ ಹಾಗೆ ಅನಿಸುತ್ತದೆ. ಈ ಕಟ್ಟಡದ ಮಾತು ಬಂದಾಗೆಲ್ಲ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ.

ಪ್ರಯರಿ ಅಂದರೆ ಏನು? ಆ್ಯಬಿ ಅಂತಲೂ ಅಂತಾರಲ್ಲ, ಎರಡೂ ಒಂದೇನಾ?

ಎರಡೂ ಕ್ರೈಸ್ತ ಸನ್ಯಾಸಿಗಳ ಮಠಗಳೇ. ಯಜಮಾನ ಯಾರು ಅನ್ನುವುದರ ಮೇಲೆ ಹೆಸರು ಬದಲಾಗುತ್ತದೆ. ಆ್ಯಬಟ್ ನಡೆಸುವ ಮಠ ಆ್ಯಬಿ. ಪ್ರಯರ್ ನಡೆಸುವುದು ಪ್ರಯರಿ. ಸಾಮಾನ್ಯವಾಗಿ ಪ್ರಯರಿ ಅಂದರೆ ಚಿಕ್ಕದು, ಯಾವುದೋ ದೊಡ್ಡ ಮಠದ ಶಾಖೆ.

ಡರ್ಹಮ್ ಹಾಗಲ್ಲ. ಅದು ದೇಶದ ದೊಡ್ಡ, ಶ್ರೀಮಂತ ಮಠಗಳಲ್ಲಿ ಒಂದು. ಆದರೆ ಅದರ ಚರ್ಚೇ ಬಿಷಪ್‌ನ ಕ್ಯಾಥೆಡ್ರಲ್, ಅಂದರೆ ಬಿಷಪ್‌ನ ಪೀಠ ಇರುವ ಚರ್ಚು ಕೂಡ ಆಗಿತ್ತು. ಹೀಗಿರುವ ಕಡೆ ಬಿಷಪ್‌ನೇ ಹೆಸರಿಗೆ ಆ್ಯಬಟ್. ದಿನದಿನದ ಆಡಳಿತ ನೋಡುತ್ತಿದ್ದವನು ಪ್ರಯರ್. ಹಾಗಾಗಿ ಎಷ್ಟೇ ದೊಡ್ಡದಾದರೂ ಅದು ಪ್ರಯರಿಯೇ. ಕ್ಯಾಂಟರ್ಬರಿ, ವಿಂಚೆಸ್ಟರ್, ವೂಸ್ಟರ್, ನಾರ್ವಿಚ್, ಈಲಿ ಕೂಡ ಇದೇ ಥರ. ಕ್ಯಾಥೆಡ್ರಲ್ ಒಂದನ್ನು ಸನ್ಯಾಸಿಗಳ ಕೈಗೆ ಕೊಡುವ ಈ ಪದ್ಧತಿ ಯುರೋಪಿನ ಬೇರೆ ಕಡೆ ಬಲು ಅಪರೂಪ, ಇಂಗ್ಲೆಂಡಿನಲ್ಲಿ ಮಾತ್ರ ಚೆನ್ನಾಗಿ ಬೇರೂರಿತು.

ಈ ಕಥೆಯಲ್ಲಿ ಕತ್‌ಬರ್ಟ್ ಅನ್ನೋ ಹೆಸರು ಮತ್ತೆ ಮತ್ತೆ ಬರುತ್ತದೆ. ಯಾರವರು?

ಅವರಿಲ್ಲದೆ ಡರ್ಹಮ್ ಇಲ್ಲ. ಕತ್‌ಬರ್ಟ್ 7ನೇ ಶತಮಾನದ ಸನ್ಯಾಸಿ. ಲಿಂಡಿಸ್‌ಫಾರ್ನ್ ಅನ್ನೋ ದ್ವೀಪದ ಮಠದಲ್ಲಿದ್ದರು, ಸ್ವಲ್ಪ ಕಾಲ ಬಿಷಪ್ ಆದರು, ಕೊನೆಗೆ ಫಾರ್ನ್ ಅನ್ನೋ ಇನ್ನೂ ಚಿಕ್ಕ ದ್ವೀಪದಲ್ಲಿ ಒಬ್ಬರೇ ಇದ್ದು 687ರ ಮಾರ್ಚ್ 20ರಂದು ತೀರಿಕೊಂಡರು. ಆ ದ್ವೀಪಗಳ ಐಡರ್ ಬಾತುಕೋಳಿಗಳನ್ನು ಅಲ್ಲಿನ ಜನ ಇವತ್ತಿಗೂ 'ಕಡ್ಡಿಯ ಬಾತುಗಳು' ಅಂತಾರೆ. ಕಡ್ಡಿ ಅನ್ನುವುದು ಕತ್‌ಬರ್ಟ್‌ಗೆ ಅವರ ಊರಿನವರು ಪ್ರೀತಿಯಿಂದ ಇಟ್ಟ ಹೆಸರು.

ತೀರಿಕೊಂಡು 11 ವರ್ಷವಾದ ಮೇಲೆ ಶವಪೆಟ್ಟಿಗೆ ತೆರೆದಾಗ ದೇಹ ಕೆಟ್ಟಿರಲಿಲ್ಲ ಎಂದು ಸನ್ಯಾಸಿಗಳು ಹೇಳಿದರು. ಅಲ್ಲಿಂದ ಜನ ಹರಿದು ಬರತೊಡಗಿದರು. 793ರಲ್ಲಿ ವೈಕಿಂಗರು ದ್ವೀಪದ ಮೇಲೆ ಬಿದ್ದರು. ದಾಳಿಗಳ ಕಾಟ ನಿಲ್ಲದೆ, 875ರಲ್ಲಿ ಅಲ್ಲಿದ್ದವರು ಕತ್‌ಬರ್ಟ್ ಅವರ ಪೆಟ್ಟಿಗೆಯನ್ನು ಹೊತ್ತುಕೊಂಡು ಹೊರಟೇಬಿಟ್ಟರು. ಏಳು ವರ್ಷ ಅಲೆದರು ಅನ್ನುತ್ತಾರೆ. ಆಮೇಲೆ ಚೆಸ್ಟರ್-ಲೆ-ಸ್ಟ್ರೀಟ್ ಅನ್ನೋ ಊರಲ್ಲಿ ನೂರಕ್ಕೂ ಜಾಸ್ತಿ ವರ್ಷ ನೆಲೆಸಿ, ಕೊನೆಗೆ 995ರಲ್ಲಿ ಡರ್ಹಮ್ ಗುಡ್ಡಕ್ಕೆ ಬಂದರು. ಪೆಟ್ಟಿಗೆ ಒಂದು ಕಡೆ ನಿಂತದ್ದು ಅಲುಗಲೇ ಇಲ್ಲ, ಕಳೆದುಹೋದ ತನ್ನ ಕಂದು ಹಸುವನ್ನು ಹುಡುಕುತ್ತಿದ್ದ ಹೆಂಗಸಿನ ಹಿಂದೆ ಹೋಗಿ ಜಾಗ ಕಂಡುಕೊಂಡರು ಅನ್ನುವುದು ಊರಿನ ಐತಿಹ್ಯ. ಕ್ಯಾಥೆಡ್ರಲ್‌ನ ಹೊರಗೋಡೆಯ ಮೇಲೆ ಆ ಹಸುವಿನ ಕೆತ್ತನೆ ಇದೆ.

ಹಾಗಾದರೆ ಮಠ ಶುರುವಾಗಿದ್ದು 995ರಲ್ಲೇ ಅಲ್ವಾ?

ಇಲ್ಲ. ಪೆಟ್ಟಿಗೆಯ ಜೊತೆ ಬಂದವರಲ್ಲಿ ಹೆಚ್ಚಿನವರು ಮದುವೆಯಾಗಿ ಸಂಸಾರ ಮಾಡಿಕೊಂಡಿದ್ದ ಪಾದ್ರಿಗಳು. ಕತ್‌ಬರ್ಟ್ ಸೇವೆ ಅವರ ಮನೆತನಗಳಲ್ಲಿ ತಂದೆಯಿಂದ ಮಗನಿಗೆ ಬರುತ್ತಿತ್ತು.

ಸನ್ಯಾಸಿಗಳ ಮಠ ಬಂದ ಕಥೆ ಬೇರೆ. ನನಗೆ ಬಲು ಇಷ್ಟವಾದ ಕಥೆ ಅದು. 1070ರ ದಶಕದಲ್ಲಿ ದಕ್ಷಿಣದ ವಿಂಚ್‌ಕೂಮ್ ಮಠದಲ್ಲಿ ಆಲ್ಡ್‌ವಿನ್ ಅನ್ನೋ ಸನ್ಯಾಸಿ ಇದ್ದ. ಬೀಡ್ ಅನ್ನೋ ಸನ್ಯಾಸಿ 731ರಲ್ಲಿ ಬರೆದು ಮುಗಿಸಿದ ಇಂಗ್ಲಿಷ್ ಜನರ ಚರಿತ್ರೆಯನ್ನು ಅವನು ಓದಿದ್ದ. ಒಂದು ಕಾಲದಲ್ಲಿ ಉತ್ತರದ ತುಂಬ ಮಠಗಳು, ಸಂತರು ಇದ್ದರು ಅಂತ ಅದರಲ್ಲಿ ಇತ್ತು. ಈಗ ಅಲ್ಲಿ ಏನೂ ಉಳಿದಿಲ್ಲ ಅಂತಲೂ ಅವನಿಗೆ ಗೊತ್ತಿತ್ತು. ಆ ಜಾಗಗಳನ್ನು ಕಣ್ಣಾರೆ ನೋಡಬೇಕು, ಅಲ್ಲೇ ಬಡವರಾಗಿ ಬಾಳಬೇಕು ಅಂತ ಈವ್‌ಶಮ್ ಮಠದ ಇನ್ನಿಬ್ಬರನ್ನು ಕೂಡಿಕೊಂಡು ಹೊರಟ. ಮೂರು ಜನರೂ ನಡೆದೇ ಹೋದರು. ಪುಸ್ತಕ ಮತ್ತು ಪೂಜೆಯ ಬಟ್ಟೆ ಹೊರಲು ಒಂದು ಕತ್ತೆ ಇತ್ತು.

ಆಗಿನ ಉತ್ತರ ಅಂದರೆ ಏನು ಅಂತ ನೆನಪಿಡಬೇಕು. 1069-70ರ ಚಳಿಗಾಲದಲ್ಲಿ ದೊರೆ ವಿಲಿಯಂನ ಸೈನ್ಯ ಅಲ್ಲಿನ ಊರೂರನ್ನೇ ಸುಟ್ಟು ಹಾಕಿತ್ತು. ಹೊಟ್ಟೆಗಿಲ್ಲದೆ ಜನ ಸತ್ತಿದ್ದರು. ಅಂಥ ಕಡೆಗೆ ಕತ್ತೆ ಹೊಡೆದುಕೊಂಡು ಹೋದರು. ಬೀಡ್ ಅವರೇ ಬದುಕಿದ್ದ ಜಾರೋದಲ್ಲಿ ಹಾಳು ಗೋಡೆಗಳ ಮೇಲೆ ಮರದ ಕೊಂಬೆ, ಹುಲ್ಲು ಹೊದಿಸಿ ಮಠ ಶುರು ಮಾಡಿದರು. ಜನ ಬಂದು ಸೇರಿಕೊಂಡರು. ಮಂಕ್‌ವಿಯರ್‌ಮೌತ್‌ನಲ್ಲೂ ಮಠ ಎದ್ದಿತು.

1080ರಲ್ಲಿ ಬಿಷಪ್ ವಾಲ್ಚರ್ ಗೇಟ್ಸ್‌ಹೆಡ್‌ನಲ್ಲಿ ಕೊಲೆಯಾದ. ಅವನ ಜಾಗಕ್ಕೆ ಬಂದ ವಿಲಿಯಂ ಆಫ್ ಸೇಂಟ್ ಕ್ಯಾಲೆ ತಾನೇ ಸನ್ಯಾಸಿಯಾಗಿದ್ದವನು. ಅವನು 1083ರಲ್ಲಿ ಆ ಎರಡು ಮಠಗಳ 23 ಜನರನ್ನು ಡರ್ಹಮ್‌ಗೆ ಕರೆತಂದ. ಆಲ್ಡ್‌ವಿನ್ ಮೊದಲ ಪ್ರಯರ್ ಆದ. ಹಳೆಯ ಪಾದ್ರಿಗಳಿಗೆ ಸನ್ಯಾಸ ತೊಡಿ, ಇಲ್ಲವೇ ಹೊರಡಿ ಅಂದರು. ಉಳಿದುಕೊಂಡವನು ಒಬ್ಬನೇ, ಅವರ ಡೀನ್, ಅಂದರೆ ಆ ಪಾದ್ರಿಗಳ ಮುಖ್ಯಸ್ಥ. ಅವನ ಮಗ ಆಗಲೇ ಸನ್ಯಾಸಿಯಾಗಿದ್ದ, ಆ ಮಗನ ಮಾತಿಗೆ ಅಪ್ಪ ಒಪ್ಪಿದ. ತಲೆತಲಾಂತರದಿಂದ ಪೆಟ್ಟಿಗೆ ಕಾಯ್ದ ಮನೆತನಗಳು ಮನೆ ಬಿಟ್ಟು ಹೊರಟದ್ದನ್ನೂ ಈ ಕಥೆ ಹೇಳುವಾಗ ಮರೆಯಬಾರದು.

ಈಗಿರುವ ಚರ್ಚು ಆಗಲೇ ಕಟ್ಟಿದ್ದಾ?

ಹತ್ತು ವರ್ಷ ಕಳೆದ ಮೇಲೆ. 1093ರ ಆಗಸ್ಟ್ 11ರಂದು ಅಡಿಗಲ್ಲು ಇಟ್ಟರು. 1104ರ ಹೊತ್ತಿಗೆ ಪೂರ್ವದ ಭಾಗ ಮುಗಿದಿತ್ತು, ಕತ್‌ಬರ್ಟ್ ಅವರನ್ನು ಅಲ್ಲಿಗೆ ತಂದರು. 1133ಕ್ಕೆ ಮುಖ್ಯ ಕಟ್ಟಡ ಪೂರ್ತಿಯಾಯಿತು. ನಲವತ್ತು ವರ್ಷದ ಕೆಲಸ.

ಒಳಗಿನ ಗುಂಡು ಕಂಬಗಳ ಸುತ್ತಳತೆ, ಎತ್ತರ ಎರಡೂ ಸುಮಾರು 6.6 ಮೀಟರ್. ಅವುಗಳ ಮೈಮೇಲೆ ಅಂಕುಡೊಂಕು ಗೆರೆ, ವಜ್ರಾಕಾರ, ಉದ್ದ ಪಟ್ಟೆ ಕೊರೆದಿದ್ದಾರೆ. ತಲೆ ಎತ್ತಿದರೆ ಚಾವಣಿಯೂ ಕಲ್ಲಿನದೇ. ಅದರಲ್ಲಿ ಕಲ್ಲಿನ ಪಕ್ಕೆಲುಬುಗಳು ಒಂದನ್ನೊಂದು ದಾಟಿ ಹೋಗುತ್ತವೆ, ಭಾರವನ್ನೆಲ್ಲ ಕಂಬಗಳ ಮೇಲೆ ಇಳಿಸುತ್ತವೆ. ಇಷ್ಟು ಎತ್ತರದಲ್ಲಿ, ಇಷ್ಟು ದೊಡ್ಡದಾಗಿ ಈ ಉಪಾಯ ಮಾಡಿದ ಮೊದಲ ಕಟ್ಟಡಗಳಲ್ಲಿ ಇದೂ ಒಂದು. ಮುಂದೆ ಯುರೋಪಿನ ಗಾಥಿಕ್ ಚರ್ಚುಗಳು ಬೆಳೆದದ್ದು ಇದೇ ದಾರಿಯಲ್ಲಿ.

ಆಮೇಲೂ ಸೇರಿಸುತ್ತಾ ಹೋದರು. ಪಶ್ಚಿಮಕ್ಕೆ 1170ರ ದಶಕದಲ್ಲಿ ಗೆಲಿಲೀ ಚಾಪೆಲ್ ಅನ್ನೋ ಪ್ರಾರ್ಥನಾ ಮಂದಿರ. ಪೂರ್ವಕ್ಕೆ 1242ರಿಂದ ಒಂಬತ್ತು ಬಲಿಪೀಠಗಳ ಚಾಪೆಲ್. ನಡುವಿನ ಗೋಪುರಕ್ಕೆ 1429ರಲ್ಲಿ ಸಿಡಿಲು ಬಡಿಯಿತು. ಈಗ ಕಾಣುವುದು ಆ ಶತಮಾನದಲ್ಲೇ ಮತ್ತೆ ಕಟ್ಟಿದ ಗೋಪುರ.

ಬಿಷಪ್, ಪ್ರಯರ್ ಇಬ್ಬರೂ ಒಂದೇ ಗುಡ್ಡದ ಮೇಲೆ. ಜಗಳ ಆಗುತ್ತಿರಲಿಲ್ವಾ?

ಆಗುತ್ತಿತ್ತು. ಚರ್ಚಿನ ಉತ್ತರಕ್ಕೆ ಬಿಷಪ್‌ನ ಕೋಟೆ, ದಕ್ಷಿಣಕ್ಕೆ ಪ್ರಯರ್‌ನ ಮಠ. ಡರ್ಹಮ್ ಬಿಷಪ್ ಬರೀ ಧರ್ಮಗುರು ಆಗಿರಲಿಲ್ಲ. ಸ್ಕಾಟ್ಲೆಂಡ್ ಗಡಿ ಹತ್ತಿರ ಇದ್ದುದರಿಂದ ದೊರೆ ಅವನಿಗೆ ಸೈನ್ಯ ಕಟ್ಟುವ, ನಾಣ್ಯ ಅಚ್ಚು ಹಾಕುವ, ನ್ಯಾಯ ಹೇಳುವ ಅಧಿಕಾರ ಬಿಟ್ಟುಕೊಟ್ಟಿದ್ದ.

ಜಗಳ ಅತಿರೇಕಕ್ಕೆ ಹೋದದ್ದು 1300ರಲ್ಲಿ. ಬಿಷಪ್ ಆಂಟನಿ ಬೆಕ್ ಮಠದ ತಪಾಸಣೆಗೆ ಬರುತ್ತೇನೆ ಅಂದ. ಸಂಗಡ ತನ್ನ ಕಡೆಯವರನ್ನೂ ಕರೆತರುತ್ತೇನೆ ಅಂದ. ಪ್ರಯರ್ ರಿಚರ್ಡ್ ಹೋಟನ್ ಅದಕ್ಕೆ ಒಪ್ಪಲಿಲ್ಲ. ಬೆಕ್ ಅವನನ್ನು ವಜಾ ಮಾಡಿ ಬೇರೊಬ್ಬನನ್ನು ಕೂರಿಸಿದ. ಹೋಟನ್ ಜಗ್ಗಲಿಲ್ಲ. ಆಗ ಬಿಷಪ್‌ನ ಜನ ಮಠಕ್ಕೆ ಮುತ್ತಿಗೆ ಹಾಕಿದರು. ಊಟ ಒಳಗೆ ಹೋಗದಂತೆ ತಡೆದರು, ನೀರಿನ ಕೊಳವೆ ಕಡಿದರು. ಕೊನೆಗೆ ಹೋಟನ್‌ನನ್ನು ಹಿಡಿದು ಸೆರೆಗೆ ಹಾಕಿದರು. ಅವನು ತಪ್ಪಿಸಿಕೊಂಡು ಪೋಪ್ ಬಳಿ ಹೋದ, ನ್ಯಾಯ ಗೆದ್ದ. ಆದರೂ ಕಾಟ ತಪ್ಪಲಿಲ್ಲ. 1308ರಲ್ಲಿ ಮತ್ತೆ ದೂರು ಹಿಡಿದು ಪೋಪ್ ಬಳಿ ಹೋಗಿದ್ದಾಗ ಅಲ್ಲೇ ತೀರಿಕೊಂಡ.

ಮಠದಲ್ಲಿ ಎಷ್ಟು ಜನ ಇದ್ದರು? ದಿನ ಹೇಗೆ ಕಳೆಯುತ್ತಿತ್ತು?

15ನೇ ಶತಮಾನದಲ್ಲಿ ಸುಮಾರು 70 ಸನ್ಯಾಸಿಗಳು. ಅವರಲ್ಲಿ 40 ಮಂದಿ ಡರ್ಹಮ್‌ನಲ್ಲಿ, ಉಳಿದವರು ಶಾಖಾ ಮಠಗಳಲ್ಲಿ. ಆಳುಕಾಳು, ಅಡುಗೆಯವರು, ಕಮ್ಮಾರರು, ಬಡಗಿಗಳು ಎಲ್ಲ ಸೇರಿದರೆ ಮಠದ ಅನ್ನ ತಿನ್ನುತ್ತಿದ್ದವರು ಅದಕ್ಕಿಂತ ಎಷ್ಟೋ ಜಾಸ್ತಿ.

ಇವರು ಬೆನೆಡಿಕ್ಟಿನ್ ಪಂಥದವರು, ಕಪ್ಪು ನಿಲುವಂಗಿ ತೊಡುವವರು. ನಡುರಾತ್ರಿ ಎದ್ದು ಪ್ರಾರ್ಥನೆಗೆ ಹೋಗಬೇಕು. ಹಗಲಿಡೀ ಗಂಟೆ ಗಂಟೆಗೆ ಹಾಡು, ಪೂಜೆ. ನಡುವೆ ಊಟ, ಓದು, ಕೆಲಸ.

ಮಠ ಮುಚ್ಚಿ ಅರ್ಧ ಶತಮಾನವಾದ ಮೇಲೆ, 1593ರಲ್ಲಿ, ಹಳೆಯ ದಿನಗಳ ನೆನಪನ್ನು ಯಾರೋ ಬರೆದಿಟ್ಟರು. ಬರೆದವರ ಹೆಸರು ಅದರಲ್ಲಿಲ್ಲ. ಮನೆ ಮಾರಿದ ಮೇಲೆ ಒಂದೊಂದು ಕೋಣೆಯನ್ನೂ ನೆನೆಸಿಕೊಳ್ಳುವವರ ಥರ ಅದನ್ನು ಬರೆದಿದ್ದಾರೆ. ಚಳಿಗಾಲದಲ್ಲಿ ಮೈ ಕಾಯಿಸಲು ಸಾಮಾನ್ಯ ಸನ್ಯಾಸಿಗಳಿಗೆ ಇದ್ದದ್ದು ಒಂದೇ ಬೆಂಕಿ. ಅದು ಉರಿಯುತ್ತಿದ್ದ ಕೋಣೆಗೆ ಕಾಮನ್ ಹೌಸ್ ಅಂತ ಹೆಸರು. ಅದರ ಹಿಂದೆ ಒಂದು ತೋಟ, ಹೊಸಬರು ಅಲ್ಲಿ ಚೆಂಡು ಉರುಳಿಸುವ ಆಟ ಆಡುತ್ತಿದ್ದರು. ಕ್ರಿಸ್ಮಸ್‌ಗೂ ಮುಂಚೆ ಒಂದು ದಿನ ಆ ಕೋಣೆಯಲ್ಲಿ ಅಂಜೂರ, ಒಣದ್ರಾಕ್ಷಿ, ಕೇಕು, ಏಲ್ ಅನ್ನೋ ಬಿಯರ್ ಕೊಟ್ಟು ಸಣ್ಣ ಹಬ್ಬ ಮಾಡುತ್ತಿದ್ದರು. ಈಸ್ಟರ್ ಮುಂಚಿನ ಗುರುವಾರ ಪ್ರಯರ್ 13 ಬಡವರ ಕಾಲು ತೊಳೆದು ದುಡ್ಡು, ಹೆರಿಂಗ್ ಮೀನು, ಬ್ರೆಡ್ ಕೊಡುತ್ತಿದ್ದ. ಆ ಬಡವರು ಕೂರುತ್ತಿದ್ದ ಬೆಂಚು ಎಲ್ಲಿತ್ತು ಅಂತ ಕೂಡ ಬರೆದಿದ್ದಾರೆ.

ಇಷ್ಟು ಜನರನ್ನು ಸಾಕುವ ದುಡ್ಡು ಎಲ್ಲಿಂದ ಬರುತ್ತಿತ್ತು?

ಮುಖ್ಯವಾಗಿ ಭೂಮಿಯಿಂದ. ದೊರೆಗಳು, ಬಿಷಪ್‌ಗಳು, ಜಮೀನುದಾರರು ಕತ್‌ಬರ್ಟ್ ಹೆಸರಿಗೆ ಉಂಬಳಿ ಬಿಟ್ಟ ಹಳ್ಳಿಗಳು ಟೈನ್ ಮತ್ತು ಟೀಸ್ ನದಿಗಳ ನಡುವೆ ತುಂಬ ಇದ್ದವು. ಒಕ್ಕಲುಗಳಿಂದ ಗೇಣಿ ಬರುತ್ತಿತ್ತು. ಮಠದ ಕೈಕೆಳಗಿನ ಚರ್ಚುಗಳ ಊರುಗಳಿಂದ ಬೆಳೆಯ ಹತ್ತನೇ ಒಂದು ಪಾಲು ಬರುತ್ತಿತ್ತು. ಕುರಿ ಉಣ್ಣೆ, ಹಿಟ್ಟಿನ ಗಿರಣಿ, ಮೀನು ಹಿಡಿಯುವ ಹಕ್ಕು ಬೇರೆ. ಡರ್ಹಮ್ ಸೀಮೆ ಮುಂದೆ ಕಲ್ಲಿದ್ದಲಿಗೆ ಲೋಕಪ್ರಸಿದ್ಧವಾಯಿತು ಅಲ್ವಾ? ಈ ಸನ್ಯಾಸಿಗಳು ಅದಕ್ಕೂ ಎಷ್ಟೋ ಮುಂಚೆಯೇ ರೇಂಟನ್, ಫೆರ್ರಿಹಿಲ್ ಕಡೆ ಕಲ್ಲಿದ್ದಲು ತೆಗೆಸುತ್ತಿದ್ದರು. ಭಕ್ತರು ಸಮಾಧಿಯ ಹತ್ತಿರದ ಹುಂಡಿಗೆ ಹಾಕಿದ ಕಾಣಿಕೆಗೂ ಬೇರೆಯೇ ಲೆಕ್ಕ ಇತ್ತು.

1535ರಲ್ಲಿ ದೊರೆಯ ಕಡೆಯವರು ಎಲ್ಲ ಮಠಗಳ ಆದಾಯ ಬರೆದುಕೊಂಡಾಗ ಡರ್ಹಮ್‌ನದು ವರ್ಷಕ್ಕೆ 1300 ಪೌಂಡಿಗೂ ಜಾಸ್ತಿ ಇತ್ತು. ಚಿಕ್ಕ ಮಠ ಅಂದರೆ 200 ಪೌಂಡಿಗಿಂತ ಕಡಿಮೆ ಇರುವುದು ಅಂತ ಆಗ ಕಾನೂನು ಮಾಡಿದ್ದರು. ಹೋಲಿಸಿ ನೋಡಿ.

ಲೆಕ್ಕದ ಸುರುಳಿಗಳು ಅಂದಿರಲ್ಲ, ಅವುಗಳಲ್ಲಿ ಏನಿದೆ?

ಮಠದ ಒಂದೊಂದು ಕೆಲಸಕ್ಕೂ ಒಬ್ಬೊಬ್ಬ ಸನ್ಯಾಸಿ ಹೊಣೆ. ಬರ್ಸರ್ ಅಂದರೆ ಖಜಾನೆ ನೋಡುವವನು. ಸೆಲ್ಲರರ್‌ಗೆ ಉಗ್ರಾಣ ಮತ್ತು ಅಡುಗೆಮನೆ. ಚೇಂಬರ್ಲಿನ್‌ಗೆ ಬಟ್ಟೆಬರೆ. ಹೋಸ್ಟಿಲ್ಲರ್‌ಗೆ ಅತಿಥಿಗಳು. ಆಲ್ಮನರ್‌ಗೆ ಬಡಬಗ್ಗರು. ಸಾಕ್ರಿಸ್ಟ್‌ಗೆ ಚರ್ಚಿನ ಕಟ್ಟಡ, ಮೇಣದಬತ್ತಿ, ಗಂಟೆ. ಸಮಾಧಿ ಕಾಯಲು ಬೇರೊಬ್ಬ. ನಮ್ಮ ಮಠ, ದೇವಸ್ಥಾನಗಳ ಪಾರುಪತ್ಯಗಾರರನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಇವರೆಲ್ಲ ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು. ಚರ್ಮದ ಹಾಳೆಯ ಮೇಲೆ ಲ್ಯಾಟಿನ್‌ನಲ್ಲಿ ಬರೆದು ಸುರುಳಿ ಸುತ್ತಿಡುತ್ತಿದ್ದರು. ಬರ್ಸರ್‌ನ ಸುರುಳಿಗಳು 1278ರಿಂದ ಸಿಗುತ್ತವೆ. ಗೇಣಿ ಎಷ್ಟು ಬಂತು, ಯಾರದು ಬಾಕಿ, ಹೆರಿಂಗ್, ಸಾಲ್ಮನ್ ಎಷ್ಟು ಕೊಂಡರು, ನ್ಯೂಕ್ಯಾಸಲ್ ಬಂದರಿನಿಂದ ವೈನ್ ತರಿಸಲು ಏನು ಬಿತ್ತು, ಕಬ್ಬಿಣಕ್ಕೆ ಎಷ್ಟು, ಮೆಣಸು ಮತ್ತು ಸಾಂಬಾರ ಪದಾರ್ಥಕ್ಕೆ ಎಷ್ಟು, ಎಲ್ಲ ಸಾಲು ಸಾಲಾಗಿ. ಬೆಲೆ ಏರಿದ್ದು, ಬರ ಬಂದದ್ದು, ಯುದ್ಧದಲ್ಲಿ ಊರು ಸುಟ್ಟು ಗೇಣಿ ನಿಂತದ್ದು ಈ ಸಾಲುಗಳಲ್ಲೇ ಕಾಣುತ್ತದೆ. ಇಂಗ್ಲೆಂಡಿನ ಮಠಗಳಲ್ಲಿ ಇಷ್ಟು ಚೆನ್ನಾಗಿ ಉಳಿದ ದಾಖಲೆ ಬೆರಳೆಣಿಕೆಯಷ್ಟೇ.

ಮನುಷ್ಯರ ಕಷ್ಟವೂ ಅಲ್ಲಿದೆ. ಪ್ರಯರ್ ಜಾನ್ ವೆಸಿಂಗ್ಟನ್ ಕಾಲದಲ್ಲಿ ಒಬ್ಬ ಬರ್ಸರ್ ಸಾಲವನ್ನು ಮುಚ್ಚಿಟ್ಟ. 1438ರಲ್ಲಿ ಅದು ಬಯಲಾಯಿತು. ಆಮೇಲೆ ಆ ಹೊಣೆ ಹೊರಲು ಯಾರೂ ಮುಂದೆ ಬರಲಿಲ್ಲ. ಕೆಲವು ವರ್ಷ ಆ ಕೆಲಸವನ್ನು ಮೂವರಿಗೆ ಹಂಚಿಕೊಡಬೇಕಾಯಿತು. ಪ್ರಾರ್ಥನೆ ಮಾಡಲೆಂದು ಮನೆ ಬಿಟ್ಟು ಬಂದವನ ತಲೆಗೆ ಕೂಡದ ಲೆಕ್ಕ ಅಂಟಿಕೊಂಡರೆ ಅವನಿಗೆ ನಿದ್ದೆ ಹೇಗೆ ಬಂದೀತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಸನ್ಯಾಸಿಗಳಿಗೆ ರಜೆ ಇರುತ್ತಿತ್ತಾ?

ಇತ್ತು! ನದಿಯ ದಾರಿಯಲ್ಲಿ ಕೆಲವೇ ಮೈಲಿ ಕೆಳಗೆ ಫಿಂಕಲ್ ಅನ್ನೋ ಜಾಗವಿದೆ. ಗಾಡ್ರಿಕ್ ಅನ್ನೋ ಸಂತರು ಅಲ್ಲಿದ್ದರು. ಮೊದಲು ಹಡಗಿನಲ್ಲಿ ಊರೂರು ಸುತ್ತಿದ ವ್ಯಾಪಾರಿ, ಆಮೇಲೆ ಎಲ್ಲ ಬಿಟ್ಟು ಆ ಕಾಡಿನಲ್ಲಿ ಸುಮಾರು 60 ವರ್ಷ ಒಂಟಿಯಾಗಿ ಬಾಳಿ 1170ರಲ್ಲಿ ತೀರಿಕೊಂಡರು. ಅವರು ಕಟ್ಟಿದ ಹಾಡುಗಳು ಇವತ್ತಿಗೂ ಸಿಗುತ್ತವೆ. ರಾಗದ ಗುರುತು ಸಮೇತ ಉಳಿದಿರುವ ಇಂಗ್ಲಿಷ್ ಹಾಡುಗಳಲ್ಲಿ ಅವೇ ಅತ್ಯಂತ ಹಳೆಯವು.

1196ರಲ್ಲಿ ಅಲ್ಲಿ ಒಂದು ಶಾಖಾ ಮಠ ಶುರುವಾಯಿತು. ಕಾಲಕ್ರಮದಲ್ಲಿ ಅದು ಡರ್ಹಮ್ ಸನ್ಯಾಸಿಗಳ ವಿಶ್ರಾಂತಿಯ ತಾಣವಾಯಿತು. ಒಂದು ಸಲಕ್ಕೆ ನಾಲ್ಕು ಜನ, ಮೂರು ವಾರ. ಇಬ್ಬರು ಪೂಜೆಯಲ್ಲಿ ನಿಂತರೆ ಇನ್ನಿಬ್ಬರು ಹೊಳೆ ದಂಡೆಯಲ್ಲಿ, ಹೊಲದಲ್ಲಿ ಸುಮ್ನೆ ಅಡ್ಡಾಡಬಹುದು. ನಡುರಾತ್ರಿಯ ಗಂಟೆಗೆ ವರ್ಷಪೂರ್ತಿ ಏಳುವವರಿಗೆ ಇದು ಬೇಕೇ ಬೇಕಿತ್ತು ಅನ್ನುವುದು ನನ್ನ ಅನಿಸಿಕೆ.

ಶಾಖೆಗಳು ಇನ್ನೂ ಇದ್ದವು. ಜಾರೋ, ಮಂಕ್‌ವಿಯರ್‌ಮೌತ್, ಲಿಂಡಿಸ್‌ಫಾರ್ನ್, ಫಾರ್ನ್ ದ್ವೀಪ, ಪಶ್ಚಿಮ ಕರಾವಳಿಯ ಲಿದಮ್, ದಕ್ಷಿಣದ ಸ್ಟ್ಯಾಮ್‌ಫರ್ಡ್, ಸ್ಕಾಟ್ಲೆಂಡಿನ ಕೋಲ್ಡಿಂಗಮ್. ಓದುವ ಹುಡುಗರಿಗೆ ಆಕ್ಸ್‌ಫರ್ಡ್‌ನಲ್ಲಿ ಡರ್ಹಮ್ ಕಾಲೇಜು. ಅದೇ ಜಾಗದಲ್ಲಿ ಈಗ ಟ್ರಿನಿಟಿ ಕಾಲೇಜು ಇದೆ.

ಇವರ ಪುಸ್ತಕಗಳ ಬಗ್ಗೆ ಹೇಳಿ.

ಬಿಷಪ್ ವಿಲಿಯಂ ಮಠಕ್ಕೆ ಸುಮಾರು 50 ಪುಸ್ತಕ ಕೊಟ್ಟ. ಅವುಗಳ ಪಟ್ಟಿಯನ್ನು ತನ್ನ ದೊಡ್ಡ ಬೈಬಲ್‌ನಲ್ಲೇ ಬರೆಸಿದ. ಆ ಬೈಬಲ್‌ನ ಎರಡನೇ ಸಂಪುಟ ಈಗಲೂ ಡರ್ಹಮ್‌ನಲ್ಲಿದೆ. 12ನೇ ಶತಮಾನದ ಶುರುವಿನಲ್ಲಿ ಮಠದ ಸಿಮಿಯನ್ ಅನ್ನೋ ಸನ್ಯಾಸಿ ಅದರ ಚರಿತ್ರೆ ಬರೆದ. ಆಲ್ಡ್‌ವಿನ್‌ನ ಕತ್ತೆಯ ಕಥೆ ನಮಗೆ ಸಿಕ್ಕಿದ್ದು ಅವನಿಂದಲೇ.

ಓದುತ್ತಿದ್ದದ್ದು ಪ್ರಾಕಾರದ ಉತ್ತರ ಸಾಲಿನಲ್ಲಿ, ಬಿಸಿಲು ಬೀಳುವ ಕಡೆ. ಒಂದೊಂದು ಕಿಟಕಿಗೂ ಮೂರು ಮರದ ಗೂಡು. ಒಂದು ಗೂಡಿನಲ್ಲಿ ಒಬ್ಬ ಹಿಡಿಸುತ್ತಿದ್ದ. ಮಧ್ಯಾಹ್ನ ಊಟ ಮುಗಿಸಿ ಸಂಜೆಯ ಪ್ರಾರ್ಥನೆಯವರೆಗೆ ಅಲ್ಲಿ ಕೂತು ಓದು.

ಬೇರೆ ಮಠಗಳು ಮುಚ್ಚಿದಾಗ ಪುಸ್ತಕಗಳು ಚೆಲ್ಲಾಪಿಲ್ಲಿಯಾದವು. ಡರ್ಹಮ್‌ನಲ್ಲಿ ಮಾತ್ರ 300ಕ್ಕೂ ಜಾಸ್ತಿ ಹಸ್ತಪ್ರತಿಗಳು ಇದ್ದ ಜಾಗದಲ್ಲೇ ಉಳಿದವು. 7ನೇ ಶತಮಾನದ ಸುವಾರ್ತೆಯ ಹಾಳೆಗಳು ಕೂಡ ಇವೆ. ಈಗ ಇವನ್ನು ಫೋಟೋ ತೆಗೆದು ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ನೋಡುವ ಹಾಗೆ ಮಾಡಿದ್ದಾರೆ.

ಚರ್ಚಿನ ಬಾಗಿಲ ಮೇಲೆ ಒಂದು ಸಿಂಹದ ಮುಖ ಇದೆಯಲ್ಲ, ಅದು ಯಾಕೆ?

ಅದು 12ನೇ ಶತಮಾನದ ಕಂಚಿನ ಬಾಗಿಲ ಬಳೆ. ಕೊಲೆಯೋ ಕಳ್ಳತನವೋ ಮಾಡಿ ಓಡಿ ಬಂದವನು ಇಲ್ಲಿ ಆಸರೆ ಬೇಡಬಹುದಿತ್ತು. ಬಾಗಿಲ ಮೇಲಿನ ಕೋಣೆಯಲ್ಲಿ ಕಾವಲಿನವರು ಇರುತ್ತಿದ್ದರು. ಯಾವ ಹೊತ್ತಿನಲ್ಲಿ ಬಡಿದರೂ ಒಳಗೆ ಬಿಟ್ಟು, ಊರಿಗೆ ತಿಳಿಯಲೆಂದು ಗಂಟೆ ಹೊಡೆಯುತ್ತಿದ್ದರು. ಎಡ ಭುಜದ ಮೇಲೆ ಹಳದಿ ಶಿಲುಬೆ ಇರುವ ಕಪ್ಪು ನಿಲುವಂಗಿ ತೊಡಿಸುತ್ತಿದ್ದರು. 37 ದಿನ ಊಟ, ಹಾಸಿಗೆ ಮಠದ್ದು. ಅಷ್ಟರಲ್ಲಿ ಕ್ಷಮೆ ಸಿಗಬೇಕು, ಇಲ್ಲವೇ ಅವನು ದೇಶ ಬಿಟ್ಟು ಹೋಗಬೇಕು. 1464ರಿಂದ 1524ರವರೆಗಿನ ದಾಖಲೆ ಉಳಿದಿದೆ, ಅದರಲ್ಲಿ 300ಕ್ಕೂ ಜಾಸ್ತಿ ಜನರ ಹೆಸರಿದೆ. ಹೆಚ್ಚಿನವರು ಬಂದದ್ದು ಕೊಲೆ ಮಾಡಿ. ಈಗ ಬಾಗಿಲಲ್ಲಿರುವುದು ನಕಲು, ಅಸಲು ಒಳಗಿನ ಮ್ಯೂಸಿಯಂನಲ್ಲಿದೆ.

ಹೆಂಗಸರನ್ನು ಒಳಗೆ ಬಿಡುತ್ತಿರಲಿಲ್ಲವಂತೆ, ನಿಜಾನಾ?

ನಿಜ, ಪೂರ್ತಿ ಅಲ್ಲದಿದ್ದರೂ. ಚರ್ಚಿನ ಪಶ್ಚಿಮ ತುದಿಯ ನೆಲದಲ್ಲಿ ಕಪ್ಪು ಕಲ್ಲಿನ ಒಂದು ಪಟ್ಟಿ ಇದೆ. ಹೆಂಗಸರು ಅದನ್ನು ದಾಟಿ ಮುಂದೆ ಬರುವಂತಿರಲಿಲ್ಲ. ಕತ್‌ಬರ್ಟ್ ಅವರಿಗೆ ಹೆಂಗಸರು ಆಗುತ್ತಿರಲಿಲ್ಲ ಅಂತ ಸನ್ಯಾಸಿಗಳು ಕಾರಣ ಕೊಡುತ್ತಿದ್ದರು. ಆದರೆ ಬದುಕಿದ್ದಾಗ ಅವರಿಗೆ ಎಬ್ಬೆ, ಎಲ್ಫ್ಲೆಡ್‌ರಂಥ ಮಠಾಧೀಶೆಯರ ಜೊತೆ ಒಳ್ಳೆ ಸ್ನೇಹವಿತ್ತು. ಈ ಮಾತು ಹುಟ್ಟಿದ್ದು 1083ರ ಆಚೆಗೆ, ಮದುವೆಯಾದ ಪಾದ್ರಿಗಳನ್ನು ಹೊರಗೆ ಹಾಕಿದ ಮೇಲೆ. ಹಾಗಾಗಿ ಇದು ಸನ್ಯಾಸಿಗಳು ಸಂತರ ತಲೆಗೆ ಕಟ್ಟಿದ ಮಾತು ಅಂತಲೇ ನನಗೆ ತೋರುತ್ತದೆ.

1333ರಲ್ಲಿ ದೊರೆ ಮೂರನೇ ಎಡ್ವರ್ಡ್ ಪ್ರಯರ್‌ನ ಮನೆಯಲ್ಲಿ ತಂಗಿದ್ದ. ರಾಣಿ ಫಿಲಿಪ್ಪಾ ಬಂದು ಮಲಗಿದ್ದಳು. ಒಬ್ಬ ಸನ್ಯಾಸಿ ಬಂದು ವಿಷಯ ಹೇಳಿದ. ರಾಣಿ ಆ ರಾತ್ರಿಯಲ್ಲೇ ಎದ್ದು ಒಳ ಉಡುಪಿನಲ್ಲೇ ಬಿಷಪ್‌ನ ಕೋಟೆಗೆ ಹೋಗಬೇಕಾಯಿತು. ಸಂತರಿಗೆ ಕೋಪ ಬರದಿರಲಿ ಅಂತ ಪ್ರಾರ್ಥಿಸಿದಳಂತೆ.

ಯುದ್ಧ, ಪ್ಲೇಗ್ ಇವೆಲ್ಲ ಮಠವನ್ನು ತಟ್ಟಿದವಾ?

ಚೆನ್ನಾಗಿಯೇ ತಟ್ಟಿದವು. 1314ರಲ್ಲಿ ಬ್ಯಾನಕ್‌ಬರ್ನ್‌ನಲ್ಲಿ ಸ್ಕಾಟರು ಗೆದ್ದ ಮೇಲೆ ವರ್ಷ ವರ್ಷ ದಾಳಿ. ಗಡಿ ಕಡೆಯ ಆದಾಯ ಕುಸಿಯಿತು. 1346ರ ಅಕ್ಟೋಬರ್ 17ರಂದು ನೆವಿಲ್ಸ್ ಕ್ರಾಸ್‌ನಲ್ಲಿ, ಊರಿನ ಅಂಚಿನಲ್ಲೇ, ಯುದ್ಧವಾಯಿತು. ಪ್ರಯರ್ ಜಾನ್ ಫೊಸರ್ ಕತ್‌ಬರ್ಟ್ ಅವರ ಪವಿತ್ರ ಬಟ್ಟೆಯನ್ನು ಈಟಿ ತುದಿಗೆ ಕಟ್ಟಿ ಹತ್ತಿರದ ದಿಬ್ಬದಲ್ಲಿ ಮಂಡಿಯೂರಿ ಪ್ರಾರ್ಥಿಸಿದ ಅಂತ ಆ ನೆನಪಿನ ಬರಹ ಹೇಳುತ್ತದೆ. ಸ್ಕಾಟ್ ದೊರೆ ಎರಡನೇ ಡೇವಿಡ್ ಸೆರೆ ಸಿಕ್ಕ. ಸನ್ಯಾಸಿಗಳು ಗೋಪುರದ ಮೇಲೆ ನಿಂತು ಹಾಡಿದರು. ಗೋಪುರ ಹತ್ತಿ ಹಾಡುವ ಪದ್ಧತಿ ಇಂದಿಗೂ ಇದೆ.

ಮೂರೇ ವರ್ಷಕ್ಕೆ, 1349ರಲ್ಲಿ, ಪ್ಲೇಗ್ ಬಂತು. ಮಠದ ಒಕ್ಕಲುಗಳಲ್ಲಿ ಸುಮಾರು ಅರ್ಧದಷ್ಟು ಜನ ಸತ್ತರು ಅಂತ ಗೇಣಿ ಲೆಕ್ಕ ಹೋಲಿಸಿ ನೋಡಿದವರು ಕಂಡುಕೊಂಡಿದ್ದಾರೆ. ಕೆಲವು ಹಳ್ಳಿಗಳಲ್ಲಿ ಮೂರರಲ್ಲಿ ಎರಡು ಪಾಲಿಗೂ ಜಾಸ್ತಿ. ಲೆಕ್ಕದ ಸುರುಳಿ ಓದುವಾಗ ಮನಸ್ಸು ಭಾರವಾಗುವುದು ಇಲ್ಲಿ.

ಮಠವನ್ನು ಮುಚ್ಚಿದ್ದು ಯಾಕೆ?

ದೊರೆ ಎಂಟನೇ ಹೆನ್ರಿ ಪೋಪ್‌ನ ಅಧಿಕಾರ ಬಿಟ್ಟು ಇಂಗ್ಲೆಂಡಿನ ಚರ್ಚಿಗೆ ತಾನೇ ಯಜಮಾನನಾದ. ಮಠಗಳ ಆಸ್ತಿಯ ಮೇಲೆ ಅವನ ಕಣ್ಣು ಬಿತ್ತು. 1536ರಿಂದ ಚಿಕ್ಕವು ಮುಚ್ಚಿದವು, ಆಮೇಲೆ ದೊಡ್ಡವು. ಡರ್ಹಮ್‌ನ ಕೊನೆಯ ಪ್ರಯರ್ ಹ್ಯೂ ವೈಟ್‌ಹೆಡ್ 1539ರ ಡಿಸೆಂಬರ್ 31ರಂದು ಮಠವನ್ನು ದೊರೆಗೆ ಒಪ್ಪಿಸಿದ.

ಅದಕ್ಕೂ ಮುಂಚೆ ದೊರೆಯ ಜನ ಬಂದು ಕತ್‌ಬರ್ಟ್ ಅವರ ಗೋರಿ ಒಡೆದರು. ಚಿನ್ನ, ಹರಳು ಕಿತ್ತುಕೊಂಡರು. ಜೊತೆಗೆ ಬಂದಿದ್ದ ಅಕ್ಕಸಾಲಿಗ ಸುತ್ತಿಗೆಯಿಂದ ಪೆಟ್ಟಿಗೆ ಒಡೆದ. ಒಳಗೆ ಬರೀ ಮೂಳೆ ಇರುತ್ತದೆ ಅಂದುಕೊಂಡಿದ್ದರು. ದೇಹ ಪೂರ್ತಿ ಇತ್ತು, ಗಡ್ಡ ಬೆಳೆದ ಹಾಗಿತ್ತು, ಸುತ್ತಿಗೆ ಏಟಿಗೆ ಒಂದು ಕಾಲು ಮುರಿದಿತ್ತು ಅಂತ 1593ರ ಬರಹ ಹೇಳುತ್ತದೆ. ಆಮೇಲೆ ಸನ್ಯಾಸಿಗಳು ಅದೇ ಜಾಗದ ನೆಲದಡಿ ಅವರನ್ನು ಹೂತರು.

ಸನ್ಯಾಸಿಗಳ ಗತಿ ಏನಾಯಿತು?

ಇಲ್ಲಿ ಡರ್ಹಮ್ ಅದೃಷ್ಟವಂತ. ಬೇರೆ ಕಡೆ ಚಾವಣಿಯ ಸೀಸ ಕಿತ್ತು ಮಾರಿದರು, ಕಲ್ಲು ಹೊತ್ತುಕೊಂಡು ಹೋದರು. ಇಲ್ಲಿ ಕ್ಯಾಥೆಡ್ರಲ್ ಬೇಕಿತ್ತು. 1541ರಲ್ಲಿ ದೊರೆ ಹೊಸ ಏರ್ಪಾಡು ಮಾಡಿದ. ಪ್ರಯರ್ ವೈಟ್‌ಹೆಡ್‌ನೇ ಮೊದಲ ಡೀನ್ ಆದ. ಅವನ ಕೈಕೆಳಗಿನ 12 ಕ್ಯಾನನ್‌ಗಳೂ, ಅಂದರೆ ಕ್ಯಾಥೆಡ್ರಲ್‌ನ ಪಾದ್ರಿಗಳೂ, ಹಳೆಯ ಸನ್ಯಾಸಿಗಳೇ. ಉಳಿದವರಿಗೆ ಪಿಂಚಣಿ ಕೊಟ್ಟರು. ಹೊಲ, ಮನೆ, ಪುಸ್ತಕ, ಲೆಕ್ಕದ ಸುರುಳಿಗಳಲ್ಲಿ ಬಹುಪಾಲು ಹೊಸ ಸಂಸ್ಥೆಗೆ ಬಂತು. ಕಾಗದಪತ್ರ ಉಳಿದದ್ದು ಇದರಿಂದಲೇ.

ಎಲ್ಲವೂ ಉಳಿಯಲಿಲ್ಲ. 1380ರಲ್ಲಿ ಮುಗಿದ ನೆವಿಲ್ ಪರದೆ ಅನ್ನೋ ಕಲ್ಲಿನ ಕೆತ್ತನೆಯಲ್ಲಿ ಅಲಬಾಸ್ಟರ್ ಅನ್ನೋ ನುಣುಪು ಕಲ್ಲಿನ 107 ವಿಗ್ರಹಗಳಿದ್ದವು, ಈಗ ಒಂದೂ ಇಲ್ಲ, ಬರೀ ಗೂಡುಗಳಿವೆ. 1650ರಲ್ಲಿ ಡನ್‌ಬಾರ್ ಯುದ್ಧದಲ್ಲಿ ಸೆರೆ ಸಿಕ್ಕ ಸುಮಾರು 3000 ಸ್ಕಾಟ್ ಸೈನಿಕರನ್ನು ಈ ಚರ್ಚಿನೊಳಗೆ ತುಂಬಿದರು. ಸಾವಿರಕ್ಕೂ ಜಾಸ್ತಿ ಜನ ಹಸಿವು, ಚಳಿ, ರೋಗದಿಂದ ಸತ್ತರು. 2013ರಲ್ಲಿ ಪಕ್ಕದಲ್ಲೇ ಕಟ್ಟಡಕ್ಕೆ ಅಗೆಯುವಾಗ ಅವರಲ್ಲಿ ಕೆಲವರ ಮೂಳೆಗಳು ಸಿಕ್ಕವು.

ಕತ್‌ಬರ್ಟ್ ಅವರ ಪೆಟ್ಟಿಗೆ ಈಗ ಎಲ್ಲಿದೆ?

1827ರಲ್ಲಿ ಗೋರಿಯನ್ನು ಮತ್ತೆ ತೆರೆದರು. ಆಗ ಇದ್ದದ್ದು ಅಸ್ಥಿಪಂಜರ. ಬಟ್ಟೆಗಳ ಮಡಿಕೆಯಲ್ಲಿ ಕೆಂಪು ಹರಳು ಕೂರಿಸಿದ ಒಂದು ಚಿನ್ನದ ಶಿಲುಬೆ ಸಿಕ್ಕಿತು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ದಂತದ ಬಾಚಣಿಗೆಯೂ ಇತ್ತು, 10ನೇ ಶತಮಾನದ ಕಸೂತಿ ಬಟ್ಟೆಯೂ ಇತ್ತು. 698ರ ಓಕ್ ಪೆಟ್ಟಿಗೆಯ ಚೂರುಗಳನ್ನು ಜೋಡಿಸಿ ಇಟ್ಟಿದ್ದಾರೆ. 1104ರಲ್ಲಿ ಪೆಟ್ಟಿಗೆಯೊಳಗೆ ಸಿಕ್ಕ ಪುಟ್ಟ ಸುವಾರ್ತೆ ಪುಸ್ತಕವನ್ನು 2012ರಲ್ಲಿ ಬ್ರಿಟಿಷ್ ಲೈಬ್ರರಿ 90 ಲಕ್ಷ ಪೌಂಡ್ ಕೊಟ್ಟು ಕೊಂಡಿತು. ಅದರ ಮೂಲ ಚರ್ಮದ ರಟ್ಟು ಕೂಡ ಇವತ್ತಿಗೂ ಗಟ್ಟಿಯಾಗಿದೆ.

ಈಗ ಹೋದರೆ ಮಠದ ಏನೇನು ನೋಡಬಹುದು?

ಎಲ್ಲರೂ ಮೊದಲು ಚರ್ಚಿನ ಕಂಬಗಳನ್ನು ನೋಡುತ್ತಾರೆ, ನೋಡಿ. ಬೀಡ್ ಅವರ ಸಮಾಧಿ ಗೆಲಿಲೀ ಚಾಪೆಲ್‌ನಲ್ಲಿದೆ. ಕತ್‌ಬರ್ಟ್ ಅವರದು ಮುಖ್ಯ ಬಲಿಪೀಠದ ಹಿಂದೆ, ಒಂದು ಸರಳ ಚಪ್ಪಡಿ ಕಲ್ಲು.

ಆಮೇಲೆ ದಕ್ಷಿಣದ ಬಾಗಿಲಿನಿಂದ ಪ್ರಾಕಾರಕ್ಕೆ ಬನ್ನಿ. ಸನ್ಯಾಸಿಗಳ ಮಲಗುವ ಕೋಣೆ 1398ರಿಂದ 1404ರ ನಡುವೆ ಕಟ್ಟಿದ್ದು, ಸುಮಾರು 60 ಮೀಟರ್ ಉದ್ದ. ಇಡೀ ಇಡೀ ಓಕ್ ಮರಗಳ ತೊಲೆ, ಕೊಡಲಿ ಏಟಿನ ಗುರುತು ಕಾಣುತ್ತದೆ. 1366ರಿಂದ 1374ರ ನಡುವೆ ಕಟ್ಟಿದ ಎಂಟು ಮೂಲೆಯ ಅಡುಗೆಮನೆ ಈಗ ಮ್ಯೂಸಿಯಂ. ಕತ್‌ಬರ್ಟ್ ಅವರ ಪೆಟ್ಟಿಗೆ, ಶಿಲುಬೆ ಇರುವುದು ಆ ಅಡುಗೆಮನೆಯಲ್ಲೇ. ತಲೆ ಎತ್ತಿ ಚಾವಣಿ ನೋಡಲು ಮರೆಯಬೇಡಿ. ಆ ಒಲೆಗಳು 20ನೇ ಶತಮಾನದವರೆಗೂ ಉರಿಯುತ್ತಿದ್ದವು.

ಪ್ರಾಕಾರದ ನಡುವಿನ ಹುಲ್ಲಿನಲ್ಲಿ ಒಂದು ಕಲ್ಲಿನ ತೊಟ್ಟಿ ಇದೆ. 1430ರ ದಶಕದಲ್ಲಿ ಇಟ್ಟದ್ದು. ಊಟಕ್ಕೆ ಹೋಗುವ ಮುಂಚೆ ಸನ್ಯಾಸಿಗಳು ಅದರ ಸುತ್ತ ನಿಂತು ಕೈ, ಮುಖ ತೊಳೆಯುತ್ತಿದ್ದರು. ಸಂಜೆ ಗುಂಪು ಕರಗಿದ ಮೇಲೆ ಉತ್ತರ ಸಾಲಿನ ಕಿಟಕಿ ಕೆಳಗಿನ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತುಕೊಳ್ಳಿ. ಓದುವ ಗೂಡುಗಳಿದ್ದದ್ದು ಅಲ್ಲೇ. ಬಿಸಿಲು ಈಗಲೂ ಅದೇ ಕಡೆಯಿಂದ ಬೀಳುತ್ತದೆ.